ಕಚೇರಿಯ ಪಡಸಾಲೆಗೆ ನಾಮಫಲಕ: ಗೋಡೆಗೇರುವ ಮುನ್ನ ತಿಳಿಯಬೇಕಾದ ಸಂಗತಿಗಳು

ಕಚೇರಿಯ ಬಾಗಿಲು ದಾಟಿ ಒಳಬಂದ ಗ್ರಾಹಕನು ಮೊದಲು ಓದುವುದು ಎದುರುಗೋಡೆಯ ಮೇಲಿನ ಹೆಸರನ್ನು. ಆ ಹೆಸರು ಓರೆಯಾಗಿದ್ದರೆ, ಒಂದು ಅಕ್ಷರ ಕಳಚಿ ಬಿದ್ದಿದ್ದರೆ, ಸಂಸ್ಥೆಯ ಲೆಕ್ಕಪತ್ರವೂ ಹೀಗೆಯೇ ಇರಬಹುದೆಂಬ ಸಂಶಯ ಮೂಡುವುದು ಸಹಜ. ಅಡಿಕೆ ವಹಿವಾಟಿನ ಚನ್ನಗಿರಿ, ತುಂಗಭದ್ರೆಯ ದಡದ ಹೊನ್ನಾಳಿ, ಮಲೆನಾಡಿಗೆ ಹತ್ತಿರವಾದ ನ್ಯಾಮತಿ, ಬಯಲುಸೀಮೆಯ ಜಗಳೂರು – ದಾವಣಗೆರೆ ಜಿಲ್ಲೆಯ ಈ ಪಟ್ಟಣಗಳ ಪತ್ತಿನ ಸಹಕಾರ ಸಂಘಗಳು, ಮಂಡಿಗಳು, ಆಸ್ಪತ್ರೆಗಳು ಹಾಗೂ ಲೆಕ್ಕಪರಿಶೋಧಕರ ಕಚೇರಿಗಳಿಗೆ ಈ ವಿಷಯ ಸಮಾನವಾಗಿ ಅನ್ವಯಿಸುತ್ತದೆ.

ಹಿಂದೆ ತಗಡಿನ ಮೇಲೆ ಕಲಾವಿದನು ಕುಂಚದಿಂದ ಬರೆಯುತ್ತಿದ್ದ ಕಾಲದಲ್ಲಿ ತಪ್ಪಾದರೆ ಒರೆಸಿ ಮತ್ತೆ ಬರೆಯಬಹುದಿತ್ತು. ಈಗ ಅಕ್ರಿಲಿಕ್, ಸ್ಟೇನ್‌ಲೆಸ್ ಸ್ಟೀಲ್ ಅಥವಾ ಹಿತ್ತಾಳೆಯ ಬಿಡಿ ಅಕ್ಷರಗಳನ್ನು ಯಂತ್ರದಲ್ಲಿ ಕತ್ತರಿಸಿ ತರಲಾಗುತ್ತದೆ. ಕತ್ತರಿಸಿದ ಅಕ್ಷರವನ್ನಾಗಲಿ, ಕೊರೆದ ರಂಧ್ರವನ್ನಾಗಲಿ ಒರೆಸಿಹಾಕಲು ಬಾರದು. ಆದ್ದರಿಂದ ಕೆಲಸದ ಬಹುಭಾಗ ಗೋಡೆಯನ್ನು ಮುಟ್ಟುವ ಮೊದಲೇ ಮುಗಿದಿರಬೇಕು.

ಕಾನೂನು ಏನನ್ನು ಕೇಳುತ್ತದೆ?

ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಅಧಿನಿಯಮ, 2022 ಮತ್ತು ಅದಕ್ಕೆ 2024ರಲ್ಲಿ ಆದ ತಿದ್ದುಪಡಿಯ ಪ್ರಕಾರ ವಾಣಿಜ್ಯ ಸಂಸ್ಥೆಗಳ ನಾಮಫಲಕದಲ್ಲಿ ಶೇ. 60ರಷ್ಟು ಕನ್ನಡವಿರಬೇಕು, ಕನ್ನಡವು ಫಲಕದ ಮೇಲ್ಭಾಗದಲ್ಲಿರಬೇಕು. ಕೇಂದ್ರ ಜಿಎಸ್‌ಟಿ ನಿಯಮಗಳು, 2017ರ 18ನೇ ನಿಯಮದಂತೆ ನೋಂದಾಯಿತ ವರ್ತಕರು ವ್ಯವಹಾರ ಸ್ಥಳದ ಪ್ರವೇಶದ್ವಾರದ ಫಲಕದಲ್ಲಿ ಜಿಎಸ್‌ಟಿ ಸಂಖ್ಯೆಯನ್ನು ನಮೂದಿಸಿ, ನೋಂದಣಿ ಪ್ರಮಾಣಪತ್ರವನ್ನು ಎದ್ದುಕಾಣುವ ಜಾಗದಲ್ಲಿ ಪ್ರದರ್ಶಿಸಬೇಕು. ರಾಜಿ ತೆರಿಗೆ ಪದ್ಧತಿಯನ್ನು ಆಯ್ದುಕೊಂಡವರು ಆ ಸಂಗತಿಯನ್ನೂ ಫಲಕದಲ್ಲಿ ತಿಳಿಸಬೇಕು. ಕಂಪನಿಯಾಗಿದ್ದಲ್ಲಿ, ಕಂಪನಿಗಳ ಅಧಿನಿಯಮ, 2013ರ 12ನೇ ಪ್ರಕರಣದಂತೆ ಹೆಸರು ಮತ್ತು ನೋಂದಾಯಿತ ಕಚೇರಿಯ ವಿಳಾಸವು ಕಚೇರಿಯ ಹೊರಗೆ, ಸ್ಥಳೀಯ ಭಾಷೆಯ ಲಿಪಿಯಲ್ಲಿಯೂ ಇರತಕ್ಕದ್ದು. ಹೀಗಾಗಿ ಒಳಗೋಡೆಯ ಅಂದದ ಫಲಕವು ಹೊರಗಿನ ಫಲಕಕ್ಕೆ ಬದಲಿಯಾಗದು. ಎರಡನ್ನೂ ಒಟ್ಟಿಗೆ ಯೋಜಿಸುವುದು ಲೇಸು.

ವಿಳಾಸಕ್ಕೆ ಬೇರೆ ಪಟ್ಟಿ

ಈ ಭಾಗದ ವರ್ತಕರಿಗೆ ಅನುಭವವೇ ಕಲಿಸಿದ ಪಾಠವೊಂದಿದೆ. 1997ರ ಆಗಸ್ಟ್ 15ರಂದು ದಾವಣಗೆರೆ ಜಿಲ್ಲೆ ರಚನೆಯಾದಾಗ ಚನ್ನಗಿರಿ ಮತ್ತು ಹೊನ್ನಾಳಿಯ ಫಲಕಗಳಲ್ಲಿದ್ದ ‘ಶಿವಮೊಗ್ಗ ಜಿಲ್ಲೆ’, ಜಗಳೂರಿನ ಫಲಕಗಳಲ್ಲಿದ್ದ ‘ಚಿತ್ರದುರ್ಗ ಜಿಲ್ಲೆ’ ಎಂಬ ಸಾಲುಗಳು ಹಳತಾದವು. 2018ರಲ್ಲಿ ನ್ಯಾಮತಿ ಪ್ರತ್ಯೇಕ ತಾಲ್ಲೂಕಾದಾಗ ‘ಹೊನ್ನಾಳಿ ತಾಲ್ಲೂಕು’ ಎಂಬ ಸಾಲಿಗೂ ಅದೇ ಗತಿಯಾಯಿತು. ಪಾಲುದಾರಿಕೆ ಸಂಸ್ಥೆ ಕಂಪನಿಯಾಗಿ ಮಾರ್ಪಟ್ಟರೆ ಜಿಎಸ್‌ಟಿ ಸಂಖ್ಯೆಯೂ ಬದಲಾಗುತ್ತದೆ. ಆದಕಾರಣ ಸಂಸ್ಥೆಯ ಹೆಸರನ್ನು ಬಿಡಿ ಅಕ್ಷರಗಳಲ್ಲಿಯೂ, ವಿಳಾಸ ಮತ್ತು ನೋಂದಣಿ ವಿವರಗಳನ್ನು ತಿರುಪು ಬಿಚ್ಚಿ ಬದಲಿಸಬಹುದಾದ ಸಣ್ಣ ಪಟ್ಟಿಯಲ್ಲಿಯೂ ಇಡುವುದು ಜಾಣತನ. ಆಗ ಒಂದು ಸಾಲಿನ ಬದಲಾವಣೆಗಾಗಿ ಇಡೀ ಫಲಕವನ್ನು ಕಳಚಬೇಕಾಗುವುದಿಲ್ಲ.

ಕನ್ನಡ ಅಕ್ಷರದ ಅಳತೆ

ಹತ್ತು ಅಡಿ ದೂರಕ್ಕೆ ಒಂದು ಅಂಗುಲ ಎತ್ತರದ ಅಕ್ಷರ ಎಂಬುದು ಫಲಕ ತಯಾರಕರಲ್ಲಿ ರೂಢಿಯಲ್ಲಿರುವ ಲೆಕ್ಕ. ಕನ್ನಡದಲ್ಲಿ ಈ ಎತ್ತರವನ್ನು ಒತ್ತಕ್ಷರ ಬಿಟ್ಟು, ಮೂಲಾಕ್ಷರಕ್ಕೆ ಮಾತ್ರ ಎಣಿಸಬೇಕು. ಚನ್ನಗಿರಿ, ಹೊನ್ನಾಳಿ, ನ್ಯಾಮತಿ – ಈ ಮೂರು ಹೆಸರುಗಳಲ್ಲಿಯೂ ಒತ್ತಕ್ಷರವಿದೆ. ಜಗಳೂರಿನಲ್ಲಿ ಮಾತ್ರ ಇಲ್ಲ. ಕತ್ತರಿಸುವಾಗ ಒತ್ತಕ್ಷರವು ಸಾಮಾನ್ಯವಾಗಿ ಪ್ರತ್ಯೇಕ ತುಣುಕಾಗುತ್ತದೆ. ಅದಕ್ಕೆ ಒಂದೇ ಮೊಳೆ ಕೊಟ್ಟರೆ ಕ್ರಮೇಣ ತಿರುಗಿ ನಿಲ್ಲುತ್ತದೆ. ಅಂಟು ಮಾತ್ರ ಹಚ್ಚಿದರೆ ಉದುರಿ, ‘ಹೊನ್ನಾಳಿ’ ಎಂಬುದು ‘ಹೊನಾಳಿ’ಯಾಗುತ್ತದೆ. ಎಷ್ಟೇ ಚಿಕ್ಕದಾದರೂ ಪ್ರತಿ ತುಣುಕಿಗೂ ಕನಿಷ್ಠ ಎರಡು ಆಧಾರಗಳಿರಬೇಕು. ಹಾಳೆಯನ್ನೇ ಕೊರೆದು ಅಕ್ಷರ ಮೂಡಿಸುವ ವಿಧಾನದಲ್ಲಿ ‘ರ’, ‘ಠ’ ಮುಂತಾದ ಅಕ್ಷರಗಳ ಮುಚ್ಚಿದ ಒಡಲು ಬೇರೆಯಾಗಿ ಬೀಳುತ್ತದೆ; ಅದನ್ನು ಹಿಂಬದಿಯಿಂದ ಜೋಡಿಸುವ ವ್ಯವಸ್ಥೆ ನಕ್ಷೆಯಲ್ಲಿಯೇ ಇರಬೇಕು.

ಇನ್ನೊಂದು ಎಚ್ಚರಿಕೆ ಗಣಕಯಂತ್ರಕ್ಕೆ ಸಂಬಂಧಿಸಿದುದು. ನುಡಿ ಅಥವಾ ಬರಹ ತಂತ್ರಾಂಶದಲ್ಲಿ ಸಿದ್ಧಪಡಿಸಿದ ಕಡತವು, ಆ ಅಕ್ಷರವಿನ್ಯಾಸವಿಲ್ಲದ ಬೇರೊಂದು ಗಣಕದಲ್ಲಿ ತೆರೆದಾಗ ಅರ್ಥವಿಲ್ಲದ ಚಿಹ್ನೆಗಳಾಗಬಹುದು, ಇಲ್ಲವೇ ಒತ್ತಕ್ಷರಗಳು ಸ್ಥಾನಪಲ್ಲಟವಾಗಬಹುದು. ಅಕ್ಷರಗಳನ್ನು ರೇಖಾಚಿತ್ರವಾಗಿ ಪರಿವರ್ತಿಸಿ ಕಳುಹಿಸಬೇಕು. ಕತ್ತರಿಸುವ ಮೊದಲು ಮುದ್ರಿತ ಪ್ರತಿಯನ್ನು ಮಾಲೀಕರೇ ಓದಿ ಸಹಿ ಹಾಕಬೇಕು.

ಗೋಡೆಯ ಪರೀಕ್ಷೆ

ಫಲಕದ ತೂಕವನ್ನು ಮೊದಲು ಲೆಕ್ಕ ಹಾಕಬೇಕು. 3 ಅಡಿ ಉದ್ದ, 2 ಅಡಿ ಎತ್ತರ ಮತ್ತು 18 ಮಿ.ಮೀ. ದಪ್ಪದ ಗ್ರಾನೈಟ್ ಹಲಗೆ ಸುಮಾರು 27 ಕೆ.ಜಿ. ತೂಗುತ್ತದೆ, ಅದೇ ಅಳತೆಯ 4 ಮಿ.ಮೀ. ಎಸಿಪಿ ಹಾಳೆ ಸುಮಾರು 3 ಕೆ.ಜಿ. ಮಾತ್ರ. ಜನ ಕುಳಿತುಕೊಳ್ಳುವ ಬೆಂಚಿನ ಮೇಲ್ಗಡೆ ಗ್ರಾನೈಟ್ ಹಲಗೆಯನ್ನು ಅಂಟಿನ ಭರವಸೆಯ ಮೇಲೆ ನಿಲ್ಲಿಸುವುದು ಪ್ರಾಣಾಪಾಯಕ್ಕೆ ಆಹ್ವಾನ. ಅದರ ಭಾರವನ್ನು ಕೆಳಗಿನಿಂದ ಹೊರುವ ಲೋಹದ ಆಧಾರ ಹಾಗೂ ಗೋಡೆಯೊಳಗೆ ಹಿಡಿದ ಬೋಲ್ಟುಗಳು ಇರಲೇಬೇಕು.

ಗಟ್ಟಿ ಇಟ್ಟಿಗೆಯ ಗೋಡೆಯಲ್ಲಿ ಸಾಮಾನ್ಯ ಪ್ಲಗ್ ಮತ್ತು ತಿರುಪು ಸಾಕು; ಆದರೆ ಪ್ಲಗ್ ಗಾರೆಯನ್ನು ದಾಟಿ ಇಟ್ಟಿಗೆಯೊಳಗೆ ಇಳಿದಿರಬೇಕು. ಟೊಳ್ಳು ಕಾಂಕ್ರೀಟ್ ಇಟ್ಟಿಗೆ ಮತ್ತು ಜಿಪ್ಸಮ್ ಹಲಗೆಗೆ ಹಿಂದೆ ಅರಳಿಕೊಳ್ಳುವ ವಿಶೇಷ ಪ್ಲಗ್ ಬೇಕು. ಹಳೆಯ ಮಣ್ಣಿನ ಗೋಡೆಗಳಲ್ಲಿ ಪ್ಲಗ್ ಹಿಡಿಯುವುದಿಲ್ಲ. ಅಲ್ಲಿ ಮರದ ಚೌಕಟ್ಟನ್ನು ಕಂಬ ಅಥವಾ ತೊಲೆಗೆ ಬಿಗಿದು, ಅದರ ಮೇಲೆ ಹಗುರವಾದ ಫಲಕ ಕೂರಿಸುವುದು ಸೂಕ್ತ. ಬಾಡಿಗೆ ಕಟ್ಟಡದಲ್ಲಿಯೂ ಇದೇ ಕ್ರಮ ಒಳ್ಳೆಯದು: ಹತ್ತಾರು ರಂಧ್ರಗಳ ಬದಲು ನಾಲ್ಕೇ ರಂಧ್ರ, ಸ್ಥಳ ಬದಲಿಸುವಾಗ ಫಲಕವೂ ಜೊತೆಗೆ ಬರುತ್ತದೆ.

ಮಳೆಗಾಲದಲ್ಲಿ ತೇವ ಹೀರಿದ ಗೋಡೆಯ ಮೇಲೆ ಅಂಟು ನಿಲ್ಲದು. ಒಣಹವೆಯ ಊರುಗಳಲ್ಲಿ ಧೂಳಿನ ಪದರವೇ ಶತ್ರು; ಒದ್ದೆ ಬಟ್ಟೆಯಿಂದ ಒರೆಸಿ, ಪೂರ್ಣ ಒಣಗಿದ ಮೇಲೆಯೇ ಅಂಟುಪಟ್ಟಿ ಹಚ್ಚಬೇಕು. ಸುಣ್ಣ ಅಥವಾ ಡಿಸ್ಟೆಂಪರ್ ಬಳಿದ ಗೋಡೆಯಲ್ಲಿ ಅಂಟು ಹಿಡಿಯುವುದು ಬಣ್ಣದ ಪದರವನ್ನೇ ಹೊರತು ಗೋಡೆಯನ್ನಲ್ಲ.

ಜೋಡಣೆಯ ಕ್ರಮ

ಮೊದಲಿಗೆ ಫಲಕದ ನಿಜ ಅಳತೆಯ ಕಾಗದದ ಪಡಿಯಚ್ಚನ್ನು ಗೋಡೆಗೆ ಅಂಟಿಸಿ, ಬಾಗಿಲ ಬಳಿ ನಿಂತು ನೋಡಬೇಕು. ಮೇಜಿನ ಮೇಲಿನ ಗಣಕಯಂತ್ರ, ಹೂದಾನಿ ಅಥವಾ ನಿಂತ ಸಿಬ್ಬಂದಿ ಹೆಸರನ್ನು ಮರೆಮಾಡಬಾರದು. ಬಳಿಕ ರಸಮಟ್ಟದಿಂದ ಸಾಲು ಸರಿಪಡಿಸಬೇಕು. ಹಳೆಯ ಕಟ್ಟಡಗಳಲ್ಲಿ ಚಾವಣಿಯೇ ಓರೆಯಾಗಿರುವುದುಂಟು. ಆಗ ರಸಮಟ್ಟಕ್ಕೆ ಸರಿಯಾಗಿರುವ ಫಲಕವೂ ಕಣ್ಣಿಗೆ ವಾರೆಯಾಗಿ ತೋರುತ್ತದೆ. ಚಾವಣಿಯಿಂದ ಸಾಕಷ್ಟು ಕೆಳಗಿಳಿಸಿದರೆ ದೋಷ ಮರೆಯಾಗುತ್ತದೆ.

ಕೊರೆಯುವ ಮುನ್ನ ಗೋಡೆಯೊಳಗಿನ ವಿದ್ಯುತ್ ತಂತಿಯ ಮಾರ್ಗವನ್ನು ತಿಳಿದು, ಆ ಭಾಗದ ವಿದ್ಯುತ್ ಕಡಿತಗೊಳಿಸಬೇಕು. ಟೈಲ್ಸ್ ಗೋಡೆಯಲ್ಲಿ ಯಂತ್ರದ ಸುತ್ತಿಗೆಯೇಟನ್ನು ನಿಲ್ಲಿಸಿ ನಿಧಾನವಾಗಿ ಕೊರೆಯದಿದ್ದರೆ ಬಿರುಕು ಬಿಡುತ್ತದೆ. ರಂಧ್ರದ ಪುಡಿಯನ್ನು ಊದಿ ತೆಗೆದು, ಅಂಟಿಲ್ಲದೆ ಒಮ್ಮೆ ಎಲ್ಲ ಅಕ್ಷರಗಳನ್ನೂ ಕೂರಿಸಿ ಪರೀಕ್ಷಿಸಬೇಕು. ಆಮೇಲೆ ಪಡಿಯಚ್ಚನ್ನು ತೆಗೆದು, ರಂಧ್ರಗಳಿಗೆ ಸಿಲಿಕೋನ್ ತುಂಬಿ ಅಕ್ಷರಗಳನ್ನು ಅಂತಿಮವಾಗಿ ಒತ್ತಬೇಕು. ವಿನೆಗರ್ ವಾಸನೆಯ ಸಿಲಿಕೋನ್ ಲೋಹವನ್ನು ಕಿಲುಬುಗೊಳಿಸಿ ಕಲ್ಲಿನ ಮೇಲೆ ಕಲೆ ಮಾಡುವುದರಿಂದ, ಆಮ್ಲರಹಿತ ಬಗೆಯನ್ನೇ ಬಳಸಬೇಕು. ಒಂದು ದಿನವಾದರೂ ಮುಟ್ಟದೆ ಬಿಡಬೇಕು. ಎಲ್‌ಇಡಿ ದೀಪವಿದ್ದಲ್ಲಿ ಪ್ರತ್ಯೇಕ ಸ್ವಿಚ್ ಇರಬೇಕು; ವಿದ್ಯುತ್ ಪರಿವರ್ತಕವು ಗೋಡೆ ಒಡೆಯದೆ ಕೈಗೆ ಸಿಗುವಂತಿರಬೇಕು.

ಆಯುಧಪೂಜೆಯ ಹಾರ, ಹುಣಸೆಹಣ್ಣಿನ ತಿಕ್ಕು

ಆಯುಧಪೂಜೆ ಮತ್ತು ದೀಪಾವಳಿಯಲ್ಲಿ ಫಲಕಕ್ಕೆ ಹಾರ ಹಾಕದ ಕಚೇರಿ ವಿರಳ. ಅಕ್ಷರಕ್ಕೇ ಕಟ್ಟಿದ ನೀರು ಚಿಮುಕಿಸಿದ ಹೂಮಾಲೆಯ ಭಾರ ಸಣ್ಣ ಮೊಳೆಗಳನ್ನು ಸಡಿಲಿಸುತ್ತದೆ. ಫಲಕದ ಎರಡೂ ಬದಿಗೆ ಒಂದೊಂದು ಕೊಕ್ಕೆಯನ್ನು ಗೋಡೆಗೇ ಹಾಕಿಸಿಬಿಟ್ಟರೆ ಈ ತೊಂದರೆಯಿಲ್ಲ. ಹೊಳಪಿನ ಲೇಪವಿರುವ ಹಿತ್ತಾಳೆಯನ್ನು ಹುಣಸೆಹಣ್ಣಿನಿಂದ ತಿಕ್ಕಿದರೆ ಲೇಪ ಹಾಳಾಗುತ್ತದೆ. ಅಕ್ರಿಲಿಕ್ಕನ್ನು ಥಿನ್ನರ್‌ನಿಂದ ಒರೆಸಿದರೆ ಸೂಕ್ಷ್ಮ ಬಿರುಕುಗಳೇಳುತ್ತವೆ. ಮೃದುವಾದ ಒದ್ದೆ ಬಟ್ಟೆ ಸಾಕು.

ಕೆಲಸ ಮುಗಿದ ದಿನ ಪಡಿಯಚ್ಚನ್ನು ಎಸೆಯದೆ ಸುರುಳಿ ಸುತ್ತಿ ಕಪಾಟಿನಲ್ಲಿಡಬೇಕು. ನಕ್ಷೆಯ ಕಡತದ ಪ್ರತಿಯೂ ಮಾಲೀಕರ ಬಳಿ ಇರಬೇಕು. ಒಂದು ಒತ್ತಕ್ಷರ ಬಿದ್ದಾಗ ಇಡೀ ಫಲಕವನ್ನಲ್ಲ, ಆ ಒಂದು ತುಣುಕನ್ನಷ್ಟೇ ಮಾಡಿಸಿಕೊಳ್ಳಲು ಇದರಿಂದ ಸಾಧ್ಯವಾಗುತ್ತದೆ. ಫಲಕದ ಬೆಲೆ ವಿಚಾರಿಸುವಾಗ ಚದರಡಿಯ ದರದೊಂದಿಗೆ ಗೋಡೆಯ ಪರೀಕ್ಷೆ, ಪಡಿಯಚ್ಚು ಮತ್ತು ಜೋಡಣೆ ಸೇರಿದೆಯೇ ಎಂದು ಕೇಳುವ ವರ್ತಕನು ಮುಂದೆ ಎರಡನೆಯ ಬಾರಿ ಹಣ ತೆರಬೇಕಾಗುವುದಿಲ್ಲ.