ಎರಡು ಘಟಕಗಳ ಬಣ್ಣ: ರಸ್ತೆಯ ಗೆರೆ ಬಾಳುವ ಬಗೆ

ಪೆರಂಬೂರೆಂದೊಡನೆ ರೈಲುಗಾಡಿ ನೆನಪಾಗುವುದು ಸಹಜ. ಸ್ವಿಟ್ಜರ್ಲೆಂಡಿನ ಸಂಸ್ಥೆಯೊಂದರ ಸಹಕಾರದಿಂದ ನಿರ್ಮಿತವಾದ ಇಂಟಿಗ್ರಲ್ ಕೋಚ್ ಫ್ಯಾಕ್ಟರಿಯನ್ನು 1955ರ ಅಕ್ಟೋಬರ್ 2ರಂದು ಜವಾಹರಲಾಲ್ ನೆಹರೂ ಅವರು ಇಲ್ಲಿ ಉದ್ಘಾಟಿಸಿದರು. ಬಿಸಿಲು ಮಳೆಗಳನ್ನು ವರ್ಷಗಟ್ಟಲೆ ಸಹಿಸಬೇಕಾದ ರೈಲುಗಾಡಿಗಳ ಹೊರಮೈಗೆ ಈಗ ಎರಡು ಘಟಕಗಳ ಪಾಲಿಯುರಿಥೇನ್ ಬಣ್ಣವನ್ನು ಬಳಿಯುವುದುಂಟು. ರಸ್ತೆಯ ಗೆರೆಗೆ ಎದುರಾಗುವ ಪರೀಕ್ಷೆ ಇನ್ನೂ ಕಠಿಣವಾದುದು; ಬಿಸಿಲು ಮಳೆಗಳ ಜೊತೆಗೆ ಚಕ್ರಗಳ ಉಜ್ಜಾಟವನ್ನೂ ಅದು ತಾಳಬೇಕು. ಇಲ್ಲಿಯೂ ಎರಡು ಘಟಕಗಳ ತತ್ತ್ವವು ಹೇಗೆ ನೆರವಾಗುತ್ತದೆಂಬುದು ವಿಚಾರಾರ್ಹ.

ಸಾಮಾನ್ಯ ಬಣ್ಣದಲ್ಲಿನ ದ್ರಾವಕವು ಆರಿಹೋದ ಮೇಲೆ ತೆಳುವಾದ ಪೊರೆಯೊಂದು ಉಳಿಯುತ್ತದೆ. ಅದು ಬೇಗನೆ ಸವೆಯುತ್ತದೆ. ನಮ್ಮ ನಗರಗಳಲ್ಲಿ ಹೆಚ್ಚಾಗಿ ಕಾಣುವ ಥರ್ಮೊಪ್ಲಾಸ್ಟಿಕ್ಕನ್ನು ಸುಮಾರು 200 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸಿ, ಕರಗಿಸಿ ಹಾಸುತ್ತಾರೆ. ತಣಿದಾಗ ಅದು ಗಟ್ಟಿಯಾಗುತ್ತದೆ. ಆದರೆ ಕಾದರೆ ಮತ್ತೆ ಮೆತ್ತಗಾಗುವುದು ಅದರ ಸ್ವಭಾವ. ಎರಡು ಘಟಕಗಳ ಬಣ್ಣವು ಆರುವುದೂ ಅಲ್ಲ, ತಣಿಯುವುದೂ ಅಲ್ಲ. ರಾಸಾಯನಿಕ ಕ್ರಿಯೆಯಿಂದ ಗಟ್ಟಿಗೊಳ್ಳುತ್ತದೆ. ಅಣುಗಳು ಒಂದಕ್ಕೊಂದು ಹೆಣೆದುಕೊಂಡು ಬಲೆಯಾದ ಬಳಿಕ ಅದು ಮರಳಿ ಕರಗುವುದಿಲ್ಲ.

ನಮ್ಮ ಅಡುಗೆಮನೆಯ ಹೆಪ್ಪನ್ನು ನೆನೆದರೆ ಇದು ಸುಲಭವಾಗಿ ತಿಳಿಯುತ್ತದೆ. ರಸ್ತೆಗೆ ಬಳಸುವ ಇಂಥ ಬಣ್ಣದಲ್ಲಿ ಮೀಥೈಲ್ ಮೆಥಾಕ್ರಿಲೇಟಿನ ರಾಳವು ಹಾಲಿನಂತೆ. ಅದಕ್ಕೆ ಸೇರಿಸುವ ಬೆಂಜಾಯಿಲ್ ಪೆರಾಕ್ಸೈಡು ಹೆಪ್ಪಿನಂತೆ. ನೂರು ಪಾಲಿಗೆ ಒಂದೆರಡು ಪಾಲು ಸಾಕು. ಸೆಖೆಯಲ್ಲಿ ಕಡಿಮೆ, ಚಳಿಯಲ್ಲಿ ಹೆಚ್ಚು ಎಂಬ ಗೃಹಿಣಿಯ ನಿಯಮವೂ ಇಲ್ಲಿ ಸಲ್ಲುತ್ತದೆ. ಕಡಿಮೆಯಾದರೆ ಗೆರೆ ಅಂಟಂಟಾಗಿ ಉಳಿದು ಧೂಳನ್ನು ಹಿಡಿಯುತ್ತದೆ. ಹೆಚ್ಚಾದರೆ ಬಳಿಯುವ ಮೊದಲೇ ಪಾತ್ರೆಯಲ್ಲಿಯೇ ಗಟ್ಟಿಯಾಗುತ್ತದೆ. ಪಾಲಿಯುರಿಥೇನಿಗೆ ಮಾತ್ರ ಈ ಉಪಮಾನ ಪೂರ್ತಿ ಹೊಂದದು. ಅಲ್ಲಿ ಎರಡನೆಯ ಘಟಕವು ಕೇವಲ ಪ್ರೇರಕವಲ್ಲ, ಸಮಪಾಲುದಾರ. ನಿಯತ ಪ್ರಮಾಣದಲ್ಲಿಯೇ ಬೆರೆಯಬೇಕು.

ಗೆರೆಯ ಪ್ರಯೋಜನವಿರುವುದು ವಿಶೇಷವಾಗಿ ರಾತ್ರಿಯಲ್ಲಿ. ಹಸಿಯಾಗಿರುವಾಗಲೇ ಮೇಲೆ ಚಿಮುಕಿಸಿದ ಗಾಜಿನ ಸಣ್ಣ ಮಣಿಗಳು ಅರ್ಧಕ್ಕಿಂತ ತುಸು ಹೆಚ್ಚು ಹುದುಗಿ ನಿಂತು, ವಾಹನದ ಬೆಳಕನ್ನು ಚಾಲಕನ ಕಣ್ಣಿಗೇ ಹಿಂದಿರುಗಿಸುತ್ತವೆ. ಬಂಧಕವು ಗಟ್ಟಿಯಾಗಿದ್ದರೆ ಮಣಿ ಕೀಳದು. ಮಣಿ ಕಿತ್ತುಹೋದರೆ ಗೆರೆಯಿದ್ದೂ ಇಲ್ಲದಂತೆ. ಅಕ್ಟೋಬರಿನಿಂದ ಡಿಸೆಂಬರಿನವರೆಗೆ ಈಶಾನ್ಯ ಮಾರುತದ ಮಳೆ ಹೊಡೆಯುವ ಚೆನ್ನೈಯಲ್ಲಿ ಆ ಕಾಲಕ್ಕೆ ಮುಂಚೆಯೇ, ಒಣಗಿದ ಶುಭ್ರವಾದ ರಸ್ತೆಯ ಮೇಲೆ ಈ ಕೆಲಸ ಮುಗಿಯಬೇಕು.

ಬಾಳಿಕೆಯು ಡಬ್ಬಿಯಲ್ಲಿ ಸಿದ್ಧವಾಗಿ ಬರುವ ವಸ್ತುವಲ್ಲ. ಬೆರೆಸಿದ ಮೇಲಿನ ಕೆಲವು ನಿಮಿಷಗಳಲ್ಲಿ, ಬಳಿಯುವವನ ಕೈಯಲ್ಲಿ ಅದು ಹುಟ್ಟುತ್ತದೆ. ರಾಳವು ಚರ್ಮಕ್ಕೆ ಅಲರ್ಜಿ ತರಬಲ್ಲದು. ಪೆರಾಕ್ಸೈಡಿಗೆ ಬೆಂಕಿಯ ಭಯವುಂಟು. ಪಾಲಿಯುರಿಥೇನಿನ ಐಸೊಸಯನೇಟು ಉಬ್ಬಸಕ್ಕೆ ಕಾರಣವಾದೀತು. ಆದುದರಿಂದ ಬಣ್ಣದ ಬೆಲೆಯೊಂದನ್ನೇ ಎಣಿಸುವ ನಗರವು ಅರ್ಧ ಲೆಕ್ಕವನ್ನು ಮಾತ್ರ ಮಾಡಿದಂತೆ. ಕೆಲಸಗಾರನ ತರಬೇತಿಗೂ ಕೈಗವಸಿಗೂ ವೆಚ್ಚಮಾಡಿದರಷ್ಟೇ, ಮಳೆಯ ರಾತ್ರಿಯಲ್ಲಿ ರಸ್ತೆ ದಾಟುವ ಪಾದಚಾರಿಗೆ ಆ ಗೆರೆ ಆಸರೆಯಾದೀತು.