ಸೆಂಟ್ರೊಮಿಯರ್‌ನ ನೆಲೆ ಮತ್ತು ವರ್ಣತಂತುಗಳ ವರ್ಗೀಕರಣ

ಯಾವುದೇ ವರ್ಗೀಕರಣಕ್ಕೂ ಖಚಿತವಾದ ಮಾನದಂಡವೊಂದು ಅಗತ್ಯ. ಜನಪದ ಕಥೆಗಳನ್ನು ವರ್ಗ ಹಾಗೂ ಆಶಯಗಳ ಆಧಾರದಿಂದ ವಿಂಗಡಿಸುವಂತೆ, ವರ್ಣತಂತುಗಳನ್ನು ಸೆಂಟ್ರೊಮಿಯರ್ ಇರುವ ನೆಲೆಯಿಂದ ವಿಂಗಡಿಸಲಾಗುತ್ತದೆ. ಕೋಶ ವಿಭಜನೆಯ ಸಂದರ್ಭದಲ್ಲಿ ಇಮ್ಮಡಿಗೊಂಡ ವರ್ಣತಂತುವಿನ ಎರಡು ಎಳೆಗಳು ಕೂಡಿಕೊಂಡಿರುವ ಕಿರಿದಾದ ಭಾಗವೇ ಸೆಂಟ್ರೊಮಿಯರ್. ಎಳೆಗಳನ್ನು ಎರಡು ಧ್ರುವಗಳತ್ತ ಸೆಳೆಯುವ ತಂತುಗಳು ಇಲ್ಲಿಗೇ ಅಂಟಿಕೊಳ್ಳುತ್ತವೆ.

ಸೆಂಟ್ರೊಮಿಯರ್‌ನ ಇಕ್ಕೆಲಗಳ ಭಾಗಗಳನ್ನು ಬಾಹುಗಳೆನ್ನುತ್ತಾರೆ. ಗಿಡ್ಡ ಬಾಹುವಿಗೆ ‘ಪಿ’ ಎಂದೂ ಉದ್ದ ಬಾಹುವಿಗೆ ‘ಕ್ಯೂ’ ಎಂದೂ ಹೆಸರು. ಉದ್ದ ಬಾಹುವಿನ ಅಳತೆಯನ್ನು ಗಿಡ್ಡ ಬಾಹುವಿನ ಅಳತೆಯಿಂದ ಭಾಗಿಸಿ ಪಡೆಯುವ ಅನುಪಾತದ ಮೇಲೆ ಲೆವಾನ್, ಫ್ರೆಡ್ಗಾ ಮತ್ತು ಸ್ಯಾಂಡ್‌ಬರ್ಗ್ ಅವರು 1964ರಲ್ಲಿ ವರ್ಗೀಕರಣವೊಂದನ್ನು ರೂಪಿಸಿದರು. ಅನುಪಾತವು 1ರಿಂದ 1.7ರವರೆಗೆ ಇದ್ದರೆ ಅದು ಮೆಟಾಸೆಂಟ್ರಿಕ್, 1.7ರಿಂದ 3ರವರೆಗೆ ಇದ್ದರೆ ಸಬ್‌ಮೆಟಾಸೆಂಟ್ರಿಕ್. ಸೆಂಟ್ರೊಮಿಯರ್ ತುದಿಯ ಸಮೀಪಕ್ಕೆ ಸರಿದಿದ್ದರೆ ಅಕ್ರೊಸೆಂಟ್ರಿಕ್ ಎಂದೂ ತುದಿಯಲ್ಲೇ ಇದ್ದರೆ ಟೀಲೊಸೆಂಟ್ರಿಕ್ ಎಂದೂ ಕರೆಯುವುದು ರೂಢಿ. ಮನುಷ್ಯನಲ್ಲಿ 1, 3, 16, 19 ಮತ್ತು 20ನೆಯ ವರ್ಣತಂತುಗಳು ಮೊದಲನೆಯ ಗುಂಪಿಗೆ ಸೇರುತ್ತವೆ. 13, 14, 15, 21, 22 ಹಾಗೂ ವೈ ವರ್ಣತಂತುಗಳು ಅಕ್ರೊಸೆಂಟ್ರಿಕ್. ಟೀಲೊಸೆಂಟ್ರಿಕ್ ವರ್ಣತಂತುಗಳು ಮನುಷ್ಯನಲ್ಲಿಲ್ಲ.

ಈ ವಿಂಗಡಣೆ ಕೇವಲ ಹೆಸರಿಡುವ ಕ್ರಮವಲ್ಲ. ಎರಡು ಅಕ್ರೊಸೆಂಟ್ರಿಕ್ ವರ್ಣತಂತುಗಳು ಸೆಂಟ್ರೊಮಿಯರ್‌ನ ಬಳಿ ಬೆಸೆದು ಒಂದಾಗಬಲ್ಲವು. ಇದನ್ನು 1916ರಲ್ಲಿ ವಿವರಿಸಿದ ರಾಬರ್ಟ್‌ಸನ್‌ರ ಹೆಸರಿನಿಂದಲೇ ಈ ಬೆಸುಗೆಯನ್ನು ಗುರುತಿಸಲಾಗುತ್ತದೆ. ಮೈಸೂರು ವಿಶ್ವವಿದ್ಯಾನಿಲಯದಲ್ಲಿ ವಿಶೇಷ ಅಧ್ಯಯನಕ್ಕೊಳಗಾದ ಡ್ರೊಸೊಫಿಲ ನಸೂಟ ನೊಣದಲ್ಲಿ 8 ವರ್ಣತಂತುಗಳಿದ್ದರೆ, ಅದರ ನಿಕಟ ಬಂಧುವಾದ ಅಲ್ಬೊಮಿಕಾನ್ಸ್‌ನಲ್ಲಿ 6 ಮಾತ್ರ ಇವೆ. ಈ ವ್ಯತ್ಯಾಸಕ್ಕೆ ಇಂಥ ಬೆಸುಗೆಯೇ ಕಾರಣ.

ಮನುಷ್ಯನಲ್ಲಿ 14 ಮತ್ತು 21ನೆಯ ವರ್ಣತಂತುಗಳು ಹೀಗೆ ಬೆಸೆದಾಗ ಒಟ್ಟು ಸಂಖ್ಯೆ 45ಕ್ಕೆ ಇಳಿಯುತ್ತದೆ. ಕಳೆದುಹೋಗುವ ಗಿಡ್ಡ ಬಾಹುಗಳಲ್ಲಿನ ವಂಶವಾಹಿಗಳ ಪ್ರತಿಗಳು ಉಳಿದ ಅಕ್ರೊಸೆಂಟ್ರಿಕ್‌ಗಳಲ್ಲಿಯೂ ಇರುವುದರಿಂದ ಆ ವ್ಯಕ್ತಿ ಆರೋಗ್ಯವಂತನಾಗಿಯೇ ಇರುತ್ತಾನೆ. ಆದರೆ ಬೆಸೆದ ವರ್ಣತಂತುವಿನ ಜೊತೆಗೆ ಬಿಡಿಯಾದ 21ನೆಯದೂ ಮಗುವಿಗೆ ಸಂದರೆ ಡೌನ್ ಸಿಂಡ್ರೋಮ್ ಉಂಟಾಗುತ್ತದೆ. ವಿಚಿತ್ರವೆಂದರೆ, ಆ ಮಗುವಿನ ವರ್ಣತಂತುಗಳನ್ನು ಎಣಿಸಿದರೆ 46 ಎಂಬ ಸಹಜ ಸಂಖ್ಯೆಯೇ ದೊರೆಯುತ್ತದೆ. ಎಣಿಕೆ ಮರೆಮಾಡುವ ಸಂಗತಿಯನ್ನು ಬಾಹುಗಳ ಪರಿಶೀಲನೆ ಬಯಲಿಗೆ ತರುತ್ತದೆ.

ಈ ಬೆಸುಗೆಯನ್ನು ತಾಯಿಯೂ ಹೊತ್ತಿರಬಹುದು, ತಂದೆಯೂ ಹೊತ್ತಿರಬಹುದು. ಹೊಸದಾಗಿಯೂ ಅದು ಉಂಟಾಗಬಹುದು. ತಾಯಿ ವಾಹಕಳಾಗಿದ್ದರೆ ಮುಂದಿನ ಮಗುವಿಗೂ ಡೌನ್ ಸಿಂಡ್ರೋಮ್ ಬರುವ ಸಂಭವ ಶೇ. 10ರಿಂದ 15, ತಂದೆ ವಾಹಕನಾಗಿದ್ದರೆ ಅದಕ್ಕಿಂತ ಬಹಳ ಕಡಿಮೆ. ಆದ್ದರಿಂದ ಇಂಥ ಸಂದರ್ಭಗಳಲ್ಲಿ ದಂಪತಿಗಳಿಬ್ಬರ ವರ್ಣತಂತುಗಳನ್ನೂ ಪರೀಕ್ಷಿಸಲಾಗುತ್ತದೆ. ಮಗುವಿನ ಸ್ಥಿತಿಗೆ ತಾಯಿಯನ್ನೇ ದೂರುವ ರೂಢಿಗೆ ಈ ಶಾಸ್ತ್ರದಲ್ಲಿ ಆಧಾರವಿಲ್ಲ.