ಅಡಿಕೆಯಷ್ಟು ಕಳ್ಳಿ

ಕಳ್ಳಿ ಗಿಡ ನಮಗೆಲ್ಲ ಗೊತ್ತು. ಹೊಲದ ಬದುವಿನಲ್ಲಿ ಇರುತ್ತದೆ. ಮುರಿದರೆ ಹಾಲು ಬರುತ್ತದೆ. ಆ ಹಾಲು ಕಣ್ಣಿಗೆ ಬಿದ್ದರೆ ಉರಿಯೋ ಉರಿ. ಪಾಪಾಸುಕಳ್ಳಿಯೂ ಗೊತ್ತು. ಅದು ಅಂಗೈ ಹಾಗೆ ಅಗಲ. ಮೈತುಂಬ ಮುಳ್ಳು. ಕೆಂಪು ಹಣ್ಣು.

ಇವೆರಡೂ ಅಕ್ಕ ತಂಗಿ ಅಂತ ಅಂದುಕೊಳ್ಳುತ್ತೇವೆ. ಆದರೆ ಹಾಲುಕಳ್ಳಿಯ ಕುಲ ಬೇರೆ, ಪಾಪಾಸುಕಳ್ಳಿಯ ಕುಲ ಬೇರೆ. ಪಾಪಾಸುಕಳ್ಳಿಯ ತವರುಮನೆ ದೂರದ ಅಮೆರಿಕ ಖಂಡ. ಅಲ್ಲಿಂದ ಅದು ನಮ್ಮ ದೇಶಕ್ಕೆ ಬಂತು.

ಆ ತವರಿನಲ್ಲಿ ಈ ಕುಲದ ಗಿಡಗಳು ಸಾವಿರಕ್ಕೂ ಹೆಚ್ಚು ಬಗೆ ಇವೆ. ಕೆಲವು ಮನೆಗಿಂತ ಎತ್ತರ. ಕೆಲವು ತೀರಾ ಚಿಕ್ಕವು. ಅಂಥ ಒಂದು ಪುಟ್ಟ ಕಳ್ಳಿಯ ವಿಷಯ ಈಗ ತಿಳಿಯೋಣ.

ಎಲ್ಲಿದೆ ಈ ಕಳ್ಳಿ?

ಅಮೆರಿಕ ದೇಶದಲ್ಲಿ ನ್ಯೂ ಮೆಕ್ಸಿಕೋ ಎಂಬ ರಾಜ್ಯವಿದೆ. ಅಲ್ಲಿ ಮಳೆ ಕಡಿಮೆ. ನೆಲ ಒಣ, ಬರೀ ಕಲ್ಲು. ಬೇಸಿಗೆಯಲ್ಲಿ ಸುಡು ಬಿಸಿಲು. ಚಳಿಗಾಲದಲ್ಲಿ ಹಿಮ ಬೀಳುತ್ತದೆ. ಅಲ್ಲಿನ ಒಂದು ಗುಡ್ಡದ ಇಳಿಜಾರಿನಲ್ಲಿ ಈ ಕಳ್ಳಿ ಬೆಳೆಯುತ್ತದೆ.

1958ರಲ್ಲಿ ಫ್ರೆಡ್ ನೋಲ್ಟನ್ ಎಂಬುವರು ಇದನ್ನು ಗುರುತಿಸಿದರು. ಅದಕ್ಕೇ ಇದಕ್ಕೆ ನೋಲ್ಟನ್ ಕಳ್ಳಿ ಅಂತ ಹೆಸರು ಬಂತು.

ಬೆಳೆದ ಗಿಡ ಒಂದು ಅಡಿಕೆಯಷ್ಟು ದಪ್ಪ. ಅಷ್ಟೇ! ಇದಕ್ಕೂ ಮುಳ್ಳುಂಟು. ಆದರೆ ಆ ಮುಳ್ಳು ತೀರಾ ಸಣ್ಣ. ಪಾಪಾಸುಕಳ್ಳಿಯ ಹಾಗೆ ಚುಚ್ಚೋದಿಲ್ಲ. ಕಲ್ಲಿನ ಹರಳುಗಳ ನಡುವೆ ಅಡಗಿ ಕೂತಿರುತ್ತದೆ. ಹತ್ತಿರ ಹೋದರೂ ಬೇಗ ಕಾಣೋದಿಲ್ಲ.

ಹೇಗೆ ಬದುಕುತ್ತದೆ?

ಮಳೆ ಬಂದಾಗ ಬೇರು ನೀರು ಕುಡಿಯುತ್ತದೆ. ಆ ನೀರನ್ನು ಗಿಡ ಮೈಯಲ್ಲಿ ಕೂಡಿಡುತ್ತದೆ. ನಾವು ಕೊಡದಲ್ಲಿ ನೀರು ತುಂಬಿಡುವ ಹಾಗೆ. ಬರ ಬಂದಾಗ ಆ ನೀರೇ ಆಧಾರ. ಆಗ ಗಿಡ ಕುಗ್ಗುತ್ತದೆ. ಕುಗ್ಗಿ ಕುಗ್ಗಿ ಮಣ್ಣಿನ ಮಟ್ಟಕ್ಕೆ ಇಳಿಯುತ್ತದೆ. ಸತ್ತೇ ಹೋಯಿತೇನೋ ಅನ್ನಿಸುತ್ತದೆ. ಮಳೆ ಬಿದ್ದರೆ ಮತ್ತೆ ಉಬ್ಬಿ ಮೇಲೆ ಬರುತ್ತದೆ.

ಎಲೆ ಇದ್ದರೆ ಬಿಸಿಲಿಗೆ ನೀರು ಬೇಗ ಆರಿಹೋಗುತ್ತದೆ. ಅದಕ್ಕೇ ಇದಕ್ಕೆ ಎಲೆ ಇಲ್ಲ. ಹಸಿರು ಮೈಯೇ ಎಲೆಯ ಕೆಲಸ ಮಾಡುತ್ತದೆ. ಇಷ್ಟು ಜಿಪುಣತನದಿಂದ ಬದುಕುವ ಗಿಡ ಬೇಗ ಬೆಳೆಯೋದು ಹೇಗೆ? ಬೆಳವಣಿಗೆ ಬಹಳ ನಿಧಾನ. ಬೀಜದಿಂದ ಹುಟ್ಟಿದ ಗಿಡ ಹೂ ಬಿಡಲು ಹಲವು ವರ್ಷ ಬೇಕು.

ಹೂವು, ಹಣ್ಣು, ಬೀಜ

ಏಪ್ರಿಲ್ ಮೇ ತಿಂಗಳಲ್ಲಿ ಇದು ಹೂ ಬಿಡುತ್ತದೆ. ಗುಲಾಬಿ ಬಣ್ಣದ ಹೂ. ಕೆಲವೊಮ್ಮೆ ಹೂವೇ ಗಿಡಕ್ಕಿಂತ ಅಗಲ! ಸಣ್ಣ ಜೇನಿನಂಥ ಹುಳುಗಳು ಬರುತ್ತವೆ. ಒಂದು ಹೂವಿನ ಧೂಳನ್ನು ಇನ್ನೊಂದು ಹೂವಿಗೆ ಒಯ್ಯುತ್ತವೆ. ಆಗ ಕಾಯಿ ಕಟ್ಟುತ್ತದೆ.

ಜೂನ್ ಹೊತ್ತಿಗೆ ಕಾಯಿ ಬಲಿತು ಬಿರಿಯುತ್ತದೆ. ಒಳಗೆ ಸಾಸಿವೆಯಂಥ ಕಪ್ಪು ಬೀಜ. ಬೀಜ ತಾಯಿಯ ಬುಡದಲ್ಲೇ ಬೀಳುತ್ತದೆ. ಹಾರಿ ಹೋಗಲು ರೆಕ್ಕೆ ಇಲ್ಲ. ಮಳೆ ನೀರು ಕೊಚ್ಚಿದರೆ ಒಂದಿಷ್ಟು ದೂರ ಹೋಗುತ್ತದೆ. ಹಾಗಾಗಿ ಮಕ್ಕಳು ಮೊಮ್ಮಕ್ಕಳೆಲ್ಲ ಒಂದೇ ಗುಡ್ಡದಲ್ಲಿ. ಆ ಗುಡ್ಡಕ್ಕೆ ಏನಾದರೂ ಆದರೆ ಇಡೀ ಕುಲಕ್ಕೇ ಕೇಡು.

ಕಾಪಾಡಲು ಹೋಗಿ ಆದದ್ದು

ಹಾಗೇ ಒಮ್ಮೆ ಕೇಡು ಬಂತು. ಅದು ಬಂದದ್ದು ಒಳ್ಳೆಯ ಮನಸ್ಸಿನ ಜನರಿಂದ.

ಆ ಗುಡ್ಡದ ಹತ್ತಿರ ನವಾಹೋ ಎಂಬ ಅಣೆಕಟ್ಟು ಕಟ್ಟುತ್ತಿದ್ದರು. 1962ರಲ್ಲಿ ಅದು ಮುಗಿಯಿತು. ಅದಕ್ಕೆ ಮೊದಲೇ, 1960ರ ಸುಮಾರಿಗೆ, ಒಂದು ಮಾತು ಹಬ್ಬಿತು. ಕಳ್ಳಿಯ ಗುಡ್ಡ ಮುಳುಗುತ್ತದೆ ಅಂತ. ಕಳ್ಳಿ ಪ್ರಿಯರು ಓಡಿ ಬಂದರು. ಗಿಡಗಳನ್ನು ಕಿತ್ತು ಕಿತ್ತು ಒಯ್ದರು. ಸಾವಿರಾರು ಗಿಡ ಹೋದವು.

ಅಣೆಕಟ್ಟು ತುಂಬಿತು. ಆದರೆ ನೀರು ಆ ಜಾಗಕ್ಕೆ ಬರಲೇ ಇಲ್ಲ! ನೀರು ಎಲ್ಲಿಯ ತನಕ ಬರುತ್ತದೆ ಅಂತ ಸರಿಯಾಗಿ ವಿಚಾರಿಸಿದ್ದರೆ ಆ ಗಿಡಗಳು ಅಲ್ಲೇ ಉಳಿಯುತ್ತಿದ್ದವು.

ಕಣ್ಣಿಗೆ ಬೀಳದ ಗಿಡಗಳು ಮಾತ್ರ ಉಳಿದವು. ಆಮೇಲೂ ಆಸೆಬುರುಕರು ಕದ್ದು ಒಯ್ಯುತ್ತಿದ್ದರು. ಅಪರೂಪದ ಗಿಡಕ್ಕೆ ಬೆಲೆ ಹೆಚ್ಚು. ಕಿತ್ತರೆ ಗಿಡ ಇನ್ನೂ ಅಪರೂಪವಾಗುತ್ತದೆ. ಬೆಲೆ ಇನ್ನೂ ಏರುತ್ತದೆ.

ಈಗ ಏನು?

1979ರಲ್ಲಿ ಅಮೆರಿಕ ಸರ್ಕಾರ ಇದನ್ನು ಅಳಿವಿನ ಅಂಚಿನ ಗಿಡ ಎಂದು ಸಾರಿತು. ಕಾಡಿನಿಂದ ಕಿತ್ತ ಗಿಡವನ್ನು ದೇಶದಿಂದ ದೇಶಕ್ಕೆ ಮಾರುವಂತಿಲ್ಲ. ನೇಚರ್ ಕನ್ಸರ್ವೆನ್ಸಿ ಎಂಬ ಸಂಸ್ಥೆಯ ವಶಕ್ಕೆ ಆ ಜಾಗ ಬಂತು.

ಬೇರೆ ಕಡೆಯೂ ಈ ಕಳ್ಳಿ ಬೆಳೆಯಲಿ ಅಂತ 1980ರ ದಶಕದಲ್ಲಿ ಪ್ರಯತ್ನ ನಡೆಯಿತು. ಗಿಡದ ತುಂಡುಗಳಿಗೆ ಬೇರು ಬರಿಸಿ ನೆಟ್ಟರು. ಅವುಗಳಲ್ಲಿ ಬಹಳಷ್ಟು ಬದುಕಿದವು, ಹೂವೂ ಬಿಟ್ಟವು. ಬೀಜವನ್ನೂ ಬಿತ್ತಿ ನೋಡಿದರು. ಮೊಳೆತದ್ದು ಬಹಳ ಕಡಿಮೆ. ನೆಟ್ಟ ಗಿಡ ಬದುಕಿದರೆ ಸಾಲದು. ಅದರ ಬೀಜದಿಂದ ಮರಿ ಗಿಡ ಹುಟ್ಟಬೇಕು. ಹುಟ್ಟಿದ್ದು ಬರಗಾಲ ದಾಟಬೇಕು. ಇಲಿ, ಮೊಲಗಳ ಬಾಯಿಂದ ತಪ್ಪಿಸಿಕೊಳ್ಳಬೇಕು. ಆಗಲೇ ಕುಲ ಉಳಿಯೋದು.

ಗಿಡ ಕೀಳಲು ಒಂದು ಗಳಿಗೆ ಸಾಕು. ಅಡಿಕೆಯಷ್ಟು ಬೆಳೆಯಲು ವರ್ಷಗಳೇ ಬೇಕು.

ಕೂಡಿ ಮಾತಾಡಿ:

1. ನೋಲ್ಟನ್ ಕಳ್ಳಿ ಬರಗಾಲದಲ್ಲಿ ಹೇಗೆ ಬದುಕುತ್ತದೆ?
2. ಗಿಡ ಕಿತ್ತವರು ಮೊದಲು ಏನು ವಿಚಾರಿಸಬೇಕಿತ್ತು?
3. ನಿಮ್ಮ ಊರಲ್ಲಿ ಮೊದಲು ಇದ್ದು ಈಗ ಕಾಣದ ಗಿಡ ಯಾವುದು? ಅದು ಯಾಕೆ ಹೋಯಿತು?